ಹಿಂದಿನ ಸೀಟಿನ ಜಡ್ಜ್ ಸಾಹೇಬರು

ಲಿಯೊನೆಲ್ ನ್ಯಾಯಾಧೀಶನಾಗಿ ಆಯ್ಕೆಯಾದಾಗ ಗಾಢ ನಿದ್ದೆಯಲ್ಲಿದ್ದ. ಇದನ್ನು ಅವನೇ ಒಪ್ಪಿಕೊಳ್ಳುತ್ತಾನೆ, ಅದೂ ಹೆಮ್ಮೆಯಿಂದ. ಕೈಮುಗಿದು, ಹಲ್ಲುಕಿರಿದು, ಕಂಡಕಂಡವರ ಬೆನ್ನು ತಟ್ಟಿ ಚುನಾವಣೆ ಗೆಲ್ಲುವವರನ್ನು ನಾವೆಲ್ಲ ನೋಡಿದ್ದೇವೆ. ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತ ಗೆದ್ದವನು ಇವನೊಬ್ಬನೇ ಇರಬೇಕು.

ಅವನ ಕೋರ್ಟು ಇರುವುದು ಒಂದು ಕಂಪನಿ ಬಸ್ಸಿನಲ್ಲಿ. ಹೋಟೆಲುಗಳಿಗೆ ಮೀನು, ತರಕಾರಿ, ಹಾಲು ಬೆಣ್ಣೆ ಒದಗಿಸುವ ಆ ಕಂಪನಿ ಮೊದಲು ದುಬೈಯ ರಾಸ್ ಅಲ್ ಖೋರ್‌ನಲ್ಲಿತ್ತು. ಆಮೇಲೆ ಮಾಲೀಕರಿಗೆ ಅಬುಧಾಬಿಯ ಅಲ್ ಮೀನಾದಲ್ಲಿ, ಬಂದರಿನ ಪಕ್ಕದಲ್ಲೇ, ದೊಡ್ಡ ಕೋಲ್ಡ್ ಸ್ಟೋರ್ ಸಿಕ್ಕಿತು. ಕಂಪನಿ ಗಂಟುಮೂಟೆ ಕಟ್ಟಿತು, ಕೆಲಸದವರು ಕಟ್ಟಲಿಲ್ಲ. ಮಕ್ಕಳ ಸ್ಕೂಲು, ಮನೆಯ ಕರಾರು, ಚರ್ಚು, ನೆಂಟರು ಇಷ್ಟರು ಎಲ್ಲ ದುಬೈಯಲ್ಲೇ ಇದ್ದಾಗ ಯಾರು ಹೋಗುತ್ತಾರೆ? ಕೊನೆಗೆ ಕಂಪನಿಯೇ ಸೋತು ಬಸ್ಸು ಕೊಟ್ಟಿತು. ಬೆಳಿಗ್ಗೆ ಕತ್ತಲಿರುವಾಗ ದುಬೈ ಬಿಡುವುದು, ಸಂಜೆ ಕತ್ತಲಾದ ಮೇಲೆ ಮರಳುವುದು. ಬಸ್ಸಿನಲ್ಲಿ ಮಂಗಳೂರು ಕಡೆಯ ಕೊಂಕಣಿಯವರೇ ಹೆಚ್ಚು, ನಾಲ್ಕಾರು ಮಂದಿ ಮೈಸೂರು ಬೆಂಗಳೂರಿನವರು. ಹಾಗಾಗಿ ಬಸ್ಸಿನೊಳಗಿನ ರಾಜಭಾಷೆ ಕನ್ನಡ. ಬೈಯುವುದಕ್ಕೆ ಮಾತ್ರ ತುಳು.

ಮುಚ್ಚಿದ ಬಸ್ಸಿನಲ್ಲಿ ದಿನಕ್ಕೆ ಮೂರು ನಾಲ್ಕು ಗಂಟೆ ಒಟ್ಟಿಗೆ ಕೂತರೆ ಸಂತರೂ ಜಗಳವಾಡುತ್ತಾರೆ. ಇವರು ಸಂತರಲ್ಲ. ಮುಂದಿನವರಿಗೆ ಏಸಿ ಚಳಿ, ಹಿಂದಿನವರಿಗೆ ಸೆಕೆ. ಒಬ್ಬನ ಸೀಟು ಹಿಂದಕ್ಕೆ ಬಾಗಿದರೆ ಇನ್ನೊಬ್ಬನ ಮೊಣಕಾಲಿಗೆ ಸಂಚಕಾರ. ಒಂದು ಸಂಜೆ ಡಿಕ್ಸನ್ ಎಂಬವನ ಊಟದ ಡಬ್ಬಿ ಮಗುಚಿ, ಉಳಿದಿದ್ದ ಬಂಗುಡೆ ಸಾರು ಮೂರು ಸೀಟಿನ ಕೆಳಗೆ ಹರಿಯಿತು. ಆ ದಿನ ಎದ್ದ ಗಲಾಟೆಗೆ ಡ್ರೈವರ್ ಮುನಿಸ್ವಾಮಿ ಬಸ್ಸನ್ನು ದಾರಿಯ ನಡುವಿನ ಘಂಟೂತಿನ ಪೆಟ್ರೋಲ್ ಬಂಕಿಗೆ ತಂದು ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಕೋಲಾರದವನು, ಸಿಟ್ಟು ಬರುವುದು ಅಪರೂಪ.

"ನಾನ್ ಗಾಡಿ ಎತ್ತಲ್ಲ ಸಾರ್. ನಿಮ್ ಜಗಳಕ್ಕೆ ಖಲಾಸ್ ಅನ್ನೋರು ಒಬ್ರು ಬೇಕು. ಆರಿಸ್ಕೊಳ್ಳಿ, ಆಮೇಲ್ ಹೋಗಾಣ."

ಯಾರ ಹೆಸರು ಹೇಳಿದರೂ ಯಾರಾದರೂ ಬೇಡ ಎನ್ನುತ್ತಿದ್ದರು. ದುಬೈಯ ಕರಾಮ ಬಡಾವಣೆಯವರನ್ನು ಕುಸೈಸ್ ಬಡಾವಣೆಯವರು ಒಪ್ಪರು, ಕುಸೈಸಿನವರನ್ನು ಕರಾಮದವರು ಒಪ್ಪರು. ಆಗ ಅಕೌಂಟ್ಸಿನ ಜೂಡಿತ್ ಬಾಯಿ ಎದ್ದು ನಿಂತು ಕೊನೆಯ ಸೀಟಿನ ಕಡೆ ಕೈ ತೋರಿಸಿದರು. ಇಡೀ ಬಸ್ಸು ಹೊಡೆದಾಡುತ್ತಿದ್ದರೂ ಸ್ಟೋರಿನ ಲಿಯೊನೆಲ್ ಅಲ್ಲಿ ತಲೆಯನ್ನು ಕಿಟಕಿಗೆ ಒರಗಿಸಿ ಮಲಗಿದ್ದ.

"ಈ ಮನುಷ್ಯ ಇಷ್ಟರ ತನಕ ಯಾರ ಪರವಾಗಿಯೂ ಒಂದು ಮಾತು ಆಡಿದ್ದಿಲ್ಲ. ಇವರೇ ಆಗ್ಬಹುದು," ಎಂದರು ಜೂಡಿತ್ ಬಾಯಿ.

ಕೈಗಳು ಎದ್ದವು. ಅದೇ ಹೊತ್ತಿಗೆ ಲಿಯೊನೆಲ್ ನಿದ್ದೆಯಲ್ಲೇ ಕೈ ಎತ್ತಿ ತಲೆ ಕೆರೆದುಕೊಂಡ. ಅದನ್ನೂ ಎಣಿಸಿ ಅವಿರೋಧ ಆಯ್ಕೆ ಎಂದು ಸಾರಿದರು. ದುಬೈಯ ಹೊರವಲಯದ ಜೆಬೆಲ್ ಅಲಿ ಹತ್ತಿರ ಎಚ್ಚರವಾದಾಗ, "ಎಂತ, ಮನೆ ಬಂತಾ?" ಎಂದು ಕೇಳಿದವನಿಗೆ ಬಸ್ಸಿಡೀ ಚಪ್ಪಾಳೆ ತಟ್ಟಿತು. ಬೇಡ ಎನ್ನುವಷ್ಟು ಎಚ್ಚರ ಅವನಿಗೆ ಇನ್ನೂ ಆಗಿರಲಿಲ್ಲ.

ಲಿಯೊನೆಲ್‌ನ ನಿದ್ದೆಯ ಬಗ್ಗೆ ಇಲ್ಲೇ ಎರಡು ಮಾತು ಹೇಳಿಬಿಡಬೇಕು. ತನ್ನ ಮದುವೆಯ ಊಟದಲ್ಲೇ, ಭಾಷಣಗಳ ನಡುವೆ, ಮದುಮಗಳ ಹೆಗಲ ಮೇಲೆ ನಿದ್ದೆ ಹೋದವನು ಅವನು. ಹೆಂಡತಿ ಒಲಿವಿಯಾ ಊರಲ್ಲಿ, ಬಜ್ಪೆಯ ಮನೆಯಲ್ಲಿದ್ದಾಳೆ, ಅಲ್ಲಿ ಟೀಚರು. ರಜೆಗೆ ಹೋದಾಗ ಅವಳು ಹೊದಿಕೆ ಎಳೆದು, ಕಾಫಿ ಲೋಟ ಮೂಗಿನ ಹತ್ತಿರ ಹಿಡಿದು ಎಬ್ಬಿಸುತ್ತಾಳೆ. ಇಲ್ಲಿ ಕರಾಮದ ರೂಮಿನಲ್ಲಿ ಅವನನ್ನು ಎಬ್ಬಿಸುವುದು ಮೊಬೈಲಿನ ಅಲಾರಾಂ, ಅದೂ ಮೂರು ಸಲ ಕೂಗಿದ ಮೇಲೆ. ಐವತ್ತಾರು ವರ್ಷದ ಲಿಯೊನೆಲ್‌ಗೆ ಈ ಲೋಕದಲ್ಲಿ ಬೇರೆ ದುರಾಸೆ ಇಲ್ಲ. ಬೆಳಗಿನ ನಿದ್ದೆಯೊಂದನ್ನು ಮುಟ್ಟಬಾರದು, ಅಷ್ಟೆ.

ಆದರೂ ಕೆಲಸ ಹೊತ್ತ ಮೇಲೆ ಹೊತ್ತ ಹಾಗೆಯೇ ಮಾಡಿದ. ಬೆಳಿಗ್ಗೆ ಕೋರ್ಟು ಇಲ್ಲ, ಎಲ್ಲರಿಗೂ ನಿದ್ದೆ. ಸಂಜೆ ಬಸ್ಸು ಘಂಟೂತು ದಾಟಿದೊಡನೆ ಕಲಾಪ ಶುರು, ಜೆಬೆಲ್ ಅಲಿ ಬರುವುದರೊಳಗೆ ತೀರ್ಪು. ಮುಂದೂಡಿದರೆ ಆರಿದ ಜಗಳ ಮತ್ತೆ ಬಿಸಿಯಾಗುತ್ತದೆ ಎಂದು ಅವನ ನಂಬಿಕೆ. ತೀರ್ಪು ಕೊಟ್ಟು, ನೀರಿನ ಬಾಟಲಿಯಿಂದ ಸೀಟಿನ ಬೆನ್ನಿಗೆ ಬಡಿದು "ಖಲಾಸ್" ಎಂದರೆ ಮುಗಿಯಿತು, ಮೇಲಿನ ಕೋರ್ಟು ಇಲ್ಲ. ಗೆದ್ದವರೂ ಸೋತವರೂ ಅಲ್ಲಿಂದ ಮನೆ ತನಕ ಒಂದೇ ಜೋಡಿ ಸೀಟಿನಲ್ಲಿ ಕೂರಬೇಕು; ಅದು ಅವನದೇ ಕಾನೂನು. ಜೂಡಿತ್ ಬಾಯಿ ಬೆಂಚ್ ಕ್ಲರ್ಕ್. "ಕೂಗಿ ಕರೆಯುವ ದಫೇದಾರರೂ ನಾನೇ," ಎನ್ನುತ್ತಿದ್ದರು.

ಒಬ್ಬ ದಿನಾ ಹೆಂಡತಿಯೊಂದಿಗೆ ಫೋನಿನ ಸ್ಪೀಕರ್ ಹಾಕಿ ಮಾತಾಡುತ್ತಿದ್ದ. ಲಿಯೊನೆಲ್ ಅವನಿಗೆ ಬೈಯಲಿಲ್ಲ. ಸ್ಪೀಕರ್ ಹಾಕಬಹುದು, ಆದರೆ ಆಕೆ ಕೇಳಿದ ಪ್ರಶ್ನೆಗೆ ಬಸ್ಸಿನಲ್ಲಿ ಯಾರು ಬೇಕಾದರೂ ಉತ್ತರ ಕೊಡಬಹುದು ಎಂದು ತೀರ್ಪಿತ್ತ. "ಊಟ ಆಯ್ತಾ?" ಎಂದು ಆಕೆ ಕೇಳಿದಾಗ ಹದಿನಾರು ಗಂಟಲುಗಳು "ಆಯ್ತು" ಎಂದವು. ಮರುದಿನದಿಂದ ಆ ಮನುಷ್ಯ ಇಯರ್‌ಫೋನ್ ತಂದ. ಇನ್ನೊಮ್ಮೆ ಕಿಟಕಿ ಸೀಟಿಗಾಗಿ ಸೆಡ್ರಿಕ್ ಮತ್ತು ಟೀನಾ ಹಾವು ಮುಂಗುಸಿಯ ಹಾಗೆ ಕಚ್ಚಾಡಿದರು. ತೀರ್ಪಿನ ನಂತರ ಕಾನೂನಿನ ಪ್ರಕಾರ ಒಂದೇ ಜೋಡಿ ಸೀಟಿನಲ್ಲಿ ಕೂತವರು ಮರುದಿನವೂ ಅಲ್ಲೇ ಕೂತರು, ಅದರ ಮರುದಿನವೂ ಕೂತರು; ಕೊನೆಗೆ ಚರ್ಚಿನಲ್ಲಿ ಮದುವೆಯಾದರು. ಆ ತೀರ್ಪಿನ ಬಗ್ಗೆ ಇಲ್ಲಿಯವರೆಗೆ ದೂರು ಬಂದಿಲ್ಲ.

ಹೀಗೆ ಐದಾರು ವರ್ಷ ಸುಸೂತ್ರವಾಗಿ ಹೋಯಿತು. ಆಮೇಲೆ ಬಂತು ಬಿಂದುವಿನ ಕೇಸು.

ಬಿಂದು ಮೈಸೂರಿನ ಹುಡುಗಿ, ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಗಂಡ ಧನುಷ್ ಮತ್ತು ಅತ್ತೆ ಅಂಬುಜಮ್ಮನವರ ಜೊತೆ ಕುಸೈಸಿನಲ್ಲಿ ಮನೆ. ಬಸ್ಸು ಮೊದಲು ಕುಸೈಸಿಗೆ ಹೋಗಿ, ಆಮೇಲೆ ಕರಾಮಕ್ಕೆ ಬಂದು, ಅಲ್ಲಿಂದ ಹೆದ್ದಾರಿ ಹಿಡಿಯುತ್ತಿತ್ತು. ಎರಡು ನಿಮಿಷಕ್ಕಿಂತ ಹೆಚ್ಚು ಯಾರಿಗೂ ಕಾಯುವಂತಿಲ್ಲ ಎಂಬುದೂ ಲಿಯೊನೆಲ್‌ನದೇ ಹಳೆಯ ತೀರ್ಪು. ಆದರೆ ಕೆಲವು ತಿಂಗಳಿಂದ ಬಿಂದು ದಿನವೂ ತಡ. ಹುಡುಗಿ ಓಡೋಡಿ ಬರುವುದು ಕಂಡರೆ ಮುನಿಸ್ವಾಮಿಗೆ ಬಸ್ಸು ಬಿಡಲು ಮನಸ್ಸು ಬಾರದು. ಕಾದರೆ ಕರಾಮ ತಡ, ಕರಾಮ ತಡವಾದರೆ ದಾರಿಯಲ್ಲಿ ಟ್ರಾಫಿಕ್ಕು, ಟ್ರಾಫಿಕ್ಕಾದರೆ ಅಲ್ ಮೀನಾದಲ್ಲಿ ಇಡೀ ಬಸ್ಸಿನ ಹಾಜರಿ ಕೆಂಪು. ಮ್ಯಾನೇಜರು ಒಂದೇ ಮಾತು ಹೇಳಿದರು: ಇನ್ನೊಂದು ಸಲ ತಡವಾದರೆ ಯಾರಿಂದ ತಡವಾಯಿತೋ ಅವರ ಹೆಸರು ಕೊಡಿ, ಅವರಿಗೆ ಬಸ್ಸಿನ ಸೀಟು ಇಲ್ಲ.

ಬಸ್ಸಿಲ್ಲದಿದ್ದರೆ ಬಿಂದುವಿಗೆ ಕೆಲಸವೂ ಇಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲು, ದಿನಾ ಅಬುಧಾಬಿಗೆ ಟ್ಯಾಕ್ಸಿಯಲ್ಲಿ ಹೋಗುವುದು ಆಗದ ಮಾತು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಡಿಕ್ಸನ್ ದೂರು ಕೊಟ್ಟ. ಅವನು ಲಿಯೊನೆಲ್‌ನ ರೂಮ್‌ಮೇಟ್. ಕೆಟ್ಟವನಲ್ಲ, ಬಾಯಿ ಸ್ವಲ್ಪ ದೊಡ್ಡದು.

"ಒಬ್ಬರಿಗೋಸ್ಕರ ಎಲ್ಲರ ಹಾಜರಿ ಕೆಂಪು ಮಾಡ್ಲಿಕ್ಕೆ ಆಗ್ತದಾ? ಹೆಸರು ಕೊಡುವ, ಖಲಾಸ್ ಮಾಡುವ," ಎಂದ.

ಲಿಯೊನೆಲ್ ಬಿಂದುವಿನ ಕಡೆ ತಿರುಗಿ ಕೇಳಿದ. "ಎಂತಮ್ಮ, ಯಾಕೆ ದಿನಾ ಲೇಟು?"

"ಸಾರಿ ಅಂಕಲ್, ನನ್ನದೇ ತಪ್ಪು."

"ತಪ್ಪು ಅಂತ ಗೊತ್ತುಂಟು. ಯಾಕೆ ಅಂತ ಕೇಳಿದ್ದು."

ಬಿಂದು ತಲೆ ತಗ್ಗಿಸಿ ಚೀಲದ ಜಿಪ್ಪು ಎಳೆಯುತ್ತ ಕೂತಳು. ಜೆಬೆಲ್ ಅಲಿ ಬಂತು, ತೀರ್ಪು ಬರಲಿಲ್ಲ. ಲಿಯೊನೆಲ್ ತನ್ನ ವೃತ್ತಿಜೀವನದಲ್ಲಿ ಮೊದಲ ಸಲ ಕೇಸು ಮುಂದೂಡಿದ. ಜಾಗ ನೋಡದೆ ತೀರ್ಪು ಕೊಡಲಿಕ್ಕಿಲ್ಲ, ಭಾನುವಾರ ಕುಸೈಸಿಗೆ ಹೋಗಿ ಸ್ಥಳ ತನಿಖೆ ಮಾಡುತ್ತೇನೆ ಎಂದ.

ಭಾನುವಾರ ಅವನೂ ಜೂಡಿತ್ ಬಾಯಿಯೂ ಸಂಜೆಯ ಪೂಜೆಗೆ ಚರ್ಚಿಗೆ ಹೋಗುವವರು, ಬಟ್ಟೆಯನ್ನೂ ಹಾಗೇ ತೊಟ್ಟು ಬಂದಿದ್ದರು. ಐದು ನಿಮಿಷ ಮಾತಾಡಿ ಹೊರಡುವುದೆಂದು ಲೆಕ್ಕ. ಬಿಂದು ಬಾಗಿಲು ತೆಗೆದು ಗಾಬರಿಯಾದಳು. ಅವಳ ಹಿಂದಿನಿಂದ ಬಂದ ಅಂಬುಜಮ್ಮನಿಗೆ ಗಾಬರಿ ಎಲ್ಲಿಯದು, ಸೊಸೆ ದಿನಾ ಹೇಳುವ ಜಡ್ಜ್ ಸಾಹೇಬರೇ ಮನೆಗೆ ಬಂದ ಸಂಭ್ರಮ! ನೀರು ಬಂತು, ಬೆಲ್ಲ ಬಂತು, ಒಲೆಯ ಮೇಲೆ ಕಾವಲಿ ಏರಿತು.

"ಬೇಡ ಅಮ್ಮ, ನಮಗೆ ಪೂಜೆಗೆ ಹೊತ್ತಾಯ್ತು," ಎಂದು ಲಿಯೊನೆಲ್ ಎದ್ದ.

"ದೇವ್ರು ಎಲ್ಲಿಗೂ ಹೋಗಲ್ಲ ಕಣಪ್ಪ, ಅಲ್ಲೇ ಇರ್ತಾನೆ. ರೊಟ್ಟಿ ಆರೋಗತ್ತೆ. ಕೂತ್ಕೊಳ್ಳಿ," ಎಂದರು ಅಂಬುಜಮ್ಮ.

ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ, ಕಾಯಿ ಚಟ್ನಿ, ಮೇಲೆ ಬೆಣ್ಣೆ. ಒಂದು ತಿಂದು ತಟ್ಟೆ ಸರಿಸಿದರೆ ಇನ್ನೊಂದು ಬಂದು ಬೀಳುತ್ತಿತ್ತು. ಎರಡನೆಯದಕ್ಕೆ ಕೈ ಅಡ್ಡ ಹಿಡಿದರೆ, "ಒಂಟಿ ರೊಟ್ಟಿ ತಿನ್ಬಾರ್ದು," ಎಂದರು. ಮೂರನೆಯದಕ್ಕೆ ಅಡ್ಡ ಹಿಡಿದಾಗ, "ಅಷ್ಟು ಚೆನ್ನಾಗಿಲ್ವೇನಪ್ಪ?" ಎಂದು ಮುಖ ಸಣ್ಣ ಮಾಡಿದರು. ಜೂಡಿತ್ ಬಾಯಿ ತಾವೇ ತಟ್ಟೆ ಮುಂದಕ್ಕೆ ಸರಿಸಿದರು. ನಡುನಡುವೆ ತೀರಿಕೊಂಡ ಯಜಮಾನರ ಮಾತು, ಮೈಸೂರಿನ ಮನೆಯ ಎದುರಿನ ಸಂಪಿಗೆ ಮರದ ಮಾತು. ಲಿಯೊನೆಲ್ ಗಡಿಯಾರ ನೋಡಿದಾಗ ಚರ್ಚಿನಲ್ಲಿ ಪೂಜೆ ಮುಗಿದು, ಜನ ಹೊರಗೆ ನಿಂತು ಹರಟುವ ಹೊತ್ತಾಗಿತ್ತು. ಐದು ನಿಮಿಷಕ್ಕೆ ಬಂದ ನ್ಯಾಯಾಧೀಶ ಎರಡು ಗಂಟೆ ತಡ ಮಾಡಿಕೊಂಡಿದ್ದ! ಸಾಕ್ಷಿ ಬೇಕಿರಲಿಲ್ಲ, ಹೊಟ್ಟೆಯೇ ಸಾಕ್ಷಿ ಹೇಳುತ್ತಿತ್ತು.

ತಟ್ಟೆ ಎತ್ತುತ್ತ ಅಂಬುಜಮ್ಮ ಹೇಳಿದರು. "ಬೆಳಿಗ್ಗೆ ಇವಳಿಗೊಂದೆರಡು ರೊಟ್ಟಿ ತಟ್ಟಿ ತಿನ್ಸಿ ಕಳಿಸಿದ್ರೆ ನನ್ನ ದಿನದ ಕೆಲಸ ಮುಗೀತು. ಮಗನಿಗೆ ಆಫೀಸಲ್ಲೇ ತಿಂಡಿ. ಆಮೇಲೆ ಸಂಜೆ ತನಕ ನಾನು, ಆ ಕಿಟಕಿ. ಕೆಳಗಡೆ ಕಾರ್ ನಿಲ್ಸೋ ಜಾಗ ಬಿಟ್ರೆ ಏನೂ ಕಾಣ್ಸಲ್ಲ."

ನಗುತ್ತಲೇ ಹೇಳಿದರು. ಲಿಯೊನೆಲ್‌ಗೆ ಮಾತ್ರ ಬಾಯಲ್ಲಿದ್ದ ಬೆಲ್ಲದ ಚೂರು ಕರಗಲು ಬಹಳ ಹೊತ್ತು ಹಿಡಿಯಿತು.

ಲಿಫ್ಟಿನ ತನಕ ಬಿಂದು ಜೊತೆಗೆ ಬಂದಳು. "ಅಂಕಲ್, ಪ್ಲೀಸ್, ಬಸ್ಸಲ್ಲಿ ಅತ್ತೆ ಹೆಸರು ಎತ್ಬೇಡಿ. ಬೆಳಿಗ್ಗೆ ತಿಂಡಿ ಬೇಡ ಅಂತ ಒಂದ್ಸಲ ಹೇಳಿ ನೋಡಿದೆ, ಅವರೂ ಎರಡು ದಿನ ಸರಿಯಾಗಿ ತಿನ್ಲಿಲ್ಲ. ನಾನು ಬೇಗ ಎದ್ದೆ, ಅವರು ಅದಕ್ಕಿಂತ ಬೇಗ ಎದ್ದು ಇನ್ನೆರಡು ಜಾಸ್ತಿ ತಟ್ಟಿದ್ರು. ತಮ್ಮಿಂದ ನನಗೆ ತೊಂದರೆ ಅಂತ ಗೊತ್ತಾದ್ರೆ ಮೈಸೂರಿಗೆ ಹೊರಟೇಬಿಡ್ತಾರೆ. ಅಲ್ಲಿ ಯಾರೂ ಇಲ್ಲ. ನನ್ನ ಹೆಸರೇ ಕೊಟ್ಬಿಡಿ."

"ಎತ್ತುದಿಲ್ಲ," ಎಂದು ಲಿಯೊನೆಲ್ ಮಾತು ಕೊಟ್ಟ. ಕೊಟ್ಟ ಮೇಲೆ ಪೇಚು. ಹೆಸರು ಕೊಟ್ಟರೆ ಹುಡುಗಿಯ ಕೆಲಸ ಹೋಗುತ್ತದೆ, ಕಾರಣ ಹೇಳಿದರೆ ಮುದುಕಿಯ ರೊಟ್ಟಿ ಹೋಗುತ್ತದೆ, ಸುಮ್ಮನಿದ್ದರೆ ಬಸ್ಸಿನವರ ಹಾಜರಿ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಾರಿ ಒಂದಿತ್ತು. ಆದರೆ ಆ ಕೋಲು ನೇರ ಅವನ ಬೆನ್ನಿಗೇ ಬೀಳುವಂಥದ್ದು.

ಸೋಮವಾರ ಸಂಜೆ ಬಸ್ಸು ಘಂಟೂತು ದಾಟಿತು. ಜೂಡಿತ್ ಬಾಯಿ ಕೇಸು ಕೂಗಿದರು. ಲಿಯೊನೆಲ್ ಎದ್ದು, ಸೀಟಿನ ಕಂಬಿ ಹಿಡಿದುಕೊಂಡು ತೀರ್ಪು ಹೇಳಿದ. "ಯಾರ ಹೆಸರೂ ಕೊಡುದಿಲ್ಲ. ನಾಳೆಯಿಂದ ಬಸ್ಸು ಮೊದಲು ಕರಾಮಕ್ಕೆ ಬರ್ಬೇಕು, ಆಮೇಲೆ ಕುಸೈಸು. ಅಲ್ಲಿಂದ ಹೊರಗಿನ ಹೆದ್ದಾರಿ ಹಿಡಿದ್ರೆ ಟ್ರಾಫಿಕ್ಕೂ ಕಮ್ಮಿ. ಕುಸೈಸಿನವರಿಗೆ ಅರ್ಧ ಗಂಟೆ ಸಿಗ್ತದೆ."

"ಕರಾಮದವರಿಗೆ?" ಎಂದ ಡಿಕ್ಸನ್.

"ಕರಾಮದವರು ಅರ್ಧ ಗಂಟೆ ಮುಂಚೆ ಏಳ್ಬೇಕು."

ನಿದ್ದೆಯಿಂದಲೇ ಹೆಸರು ಮಾಡಿದ ಮನುಷ್ಯ ತನ್ನ ನಿದ್ದೆಯನ್ನೇ ಕತ್ತರಿಸಿಕೊಂಡಿದ್ದ! ಆದರೆ ಡಿಕ್ಸನ್‌ಗೆ ಲಿಯೊನೆಲ್‌ನ ತ್ಯಾಗ ಕಾಣಿಸಲಿಲ್ಲ, ತನ್ನ ಅರ್ಧ ಗಂಟೆ ಕಾಣಿಸಿತು.

"ಕಾರಣ ಹೇಳು ಮಾರಾಯ! ಯಾವ ಸುಖಕ್ಕೆ ನಾವು ಬೇಗ ಏಳುದು?"

"ಕಾರಣ ಹೇಳ್ಲಿಕ್ಕಿಲ್ಲ."

"ಕಾರಣ ಇಲ್ಲದ ತೀರ್ಪು ಎಂತ ತೀರ್ಪು? ನಾಳೆ ಸಂಜೆ ಹೊಸ ಚುನಾವಣೆ ಆಗ್ಬೇಕು. ಈ ಜಡ್ಜ್ ನಮಗೆ ಬೇಡ!"

ಕರಾಮದವರೆಲ್ಲ ಹೌದು ಹೌದು ಎಂದರು. ಜೂಡಿತ್ ಬಾಯಿ ಮಾತ್ರ ಸುಮ್ಮನಿದ್ದರು. ಅವರಿಗೆ ಎಲ್ಲ ಗೊತ್ತಿತ್ತು, ಅವರೂ ಮಾತು ಕೊಟ್ಟಿದ್ದರು. ಲಿಯೊನೆಲ್ ಬಾಟಲಿ ಬಡಿದು "ಖಲಾಸ್" ಎಂದ. ಎಂದಿನ ಗತ್ತು ಆ ದನಿಯಲ್ಲಿರಲಿಲ್ಲ. ನಾಳೆ ಸಂಜೆಗೆ ತಾನು ಮಾಜಿ ಎಂಬುದು ಅವನಿಗೆ ಖಾತ್ರಿಯಾಗಿತ್ತು, ಮನಸ್ಸಿಗೆ ನೋವೂ ಆಗಿತ್ತು. ಬೇಡದೆ ಬಂದ ಪದವಿಯೂ ಹೋಗುವಾಗ ಚುಚ್ಚುತ್ತದೆ.

ಮರುದಿನ ಬೆಳಿಗ್ಗೆ ಅಲಾರಾಂ ಮೂರು ಸಲ ಕೂಗಿ ಸೋತಿತು. ಡಿಕ್ಸನ್ ಒಂದು ಸಲ ಅಲುಗಾಡಿಸಿ, "ಜಡ್ಜ್‌ಗೆ ಬೇರೆ ಕಾನೂನು ಇಲ್ಲ," ಎಂದು ಗೊಣಗಿ ಕೆಳಗಿಳಿದ. ಬಸ್ಸು ಬಂತು, ಎರಡು ನಿಮಿಷ ಕಾಯಿತು, ಹೊರಟಿತು. ಜೂಡಿತ್ ಬಾಯಿ ದಾರಿಯುದ್ದಕ್ಕೂ ಫೋನು ಮಾಡುತ್ತಲೇ ಇದ್ದರು. ಅಂತೂ ಲಿಯೊನೆಲ್‌ಗೆ ಎಚ್ಚರವಾದಾಗ ಬಸ್ಸು ಕುಸೈಸಿನ ಹತ್ತಿರವಿತ್ತು. ಪ್ಯಾಂಟಿಗೆ ಕಾಲು ತೂರಿಸಿ, ಶೂ ಕೈಯಲ್ಲಿ ಹಿಡಿದು, ಕುಸೈಸಿಗೇ ಬರುತ್ತೇನೆಂದು ಜೂಡಿತ್ ಬಾಯಿಗೆ ಹೇಳಿ ಟ್ಯಾಕ್ಸಿ ಹತ್ತಿದ.

ಇತ್ತ ಕುಸೈಸಿನಲ್ಲಿ ಬಿಂದು ಬಸ್ಸಿಗಿಂತ ಮೊದಲೇ ಬಂದು ನಿಂತಿದ್ದಳು. ಪಕ್ಕದಲ್ಲಿ ಸೀರೆಯ ಮೇಲೆ ಸ್ವೆಟರ್ ತೊಟ್ಟ ಅಂಬುಜಮ್ಮ, ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಬಾಗಿಲು ತೆರೆದೊಡನೆ ಹತ್ತಿಯೇಬಿಟ್ಟರು.

"ಬಸ್ಸು ಇವತ್ತಿಂದ ಅರ್ಧ ಗಂಟೆ ನಿಧಾನ ಅಂದ್ಲು ಬಿಂದು. ಟೈಮಿತ್ತು, ಎಲ್ರಿಗೂ ತಟ್ಕೊಂಡ್ ಬಂದೆ. ಇವಳಿಗೆ ತಿನ್ನಿಸದೆ ನಾನು ಕಳಿಸಿದ್ದೇ ಇಲ್ಲ. ನೀವು ಮಾತ್ರ ಹಸಕೊಂಡು ಹೋಗೋದಾ?"

ಡಿಕ್ಸನ್‌ನ ಕೈಗೆ ಬಿಸಿ ರೊಟ್ಟಿ ಬಂದು ಬಿತ್ತು. ಒಂದು ಚೂರು ಬಾಯಿಗಿಟ್ಟ. ಬಿಂದುವಿನ ಮುಖ ನೋಡಿದ, ಅಂಬುಜಮ್ಮನ ಮುಖ ನೋಡಿದ, ಖಾಲಿ ಇದ್ದ ಕೊನೆಯ ಸೀಟು ನೋಡಿದ. ಬಾಯಿ ದೊಡ್ಡದಾದರೂ ತಲೆ ಸಣ್ಣದಲ್ಲ; ಕೇಳಿದ್ದ ಕಾರಣ ಅವನ ಕೈಯಲ್ಲೇ ಇತ್ತು. ಜೀವನದಲ್ಲಿ ಮೊದಲ ಸಲ ಡಿಕ್ಸನ್ ಗೊತ್ತಾದದ್ದನ್ನು ಹೇಳದೆ ನುಂಗಿದ. "ಅಮ್ಮ, ಚಟ್ನಿ ಸ್ವಲ್ಪ," ಎಂದ.

ಚಟ್ನಿ ಬಡಿಸುತ್ತ ಹಿಂದಿನ ತನಕ ಹೋದ ಅಂಬುಜಮ್ಮ ಕೇಳಿದರು. "ಜಡ್ಜ್ ಸಾಹೇಬ್ರು ಎಲ್ಲಿ?"

"ಬಿಟ್ ಬಂದ್ವಿ ಅಮ್ಮಾ, ಎರಡು ನಿಮಿಷ ಆಗೋಯ್ತು," ಎಂದ ಮುನಿಸ್ವಾಮಿ, ಕನ್ನಡಿಯಲ್ಲಿ ನೋಡುತ್ತ.

"ಬಿಟ್ ಬಂದ್ರಾ? ಚೆನ್ನಾಗಿದೆ!" ಅಂಬುಜಮ್ಮ ಬಂದು ಬಾಗಿಲ ಮೆಟ್ಟಿಲ ಮೇಲೆ ಡಬ್ಬಿ ಹಿಡಿದು ನಿಂತರು. ಅವರು ಇಳಿಯದೆ ಬಾಗಿಲು ಮುಚ್ಚುವಂತಿಲ್ಲ, ಬಾಗಿಲು ಮುಚ್ಚದೆ ಬಸ್ಸು ಹೊರಡುವಂತಿಲ್ಲ. "ಅವರ ಪಾಲಿನ ರೊಟ್ಟಿ ಇದೆ. ತಿಂದ ಮೇಲೆ ಹೊರಡಿ."

ತಡವಾದರೆ ಈ ಸಲ ಕೊಡಬೇಕಾದ ಹೆಸರು ಲಿಯೊನೆಲ್‌ನದು. ಅದು ಎಲ್ಲರಿಗೂ ಹೊಳೆದಿತ್ತು. ಕೆಳಗಿಳಿದು ರಸ್ತೆಯ ತಿರುವಿನ ತನಕ ಓಡಿ, ಟ್ಯಾಕ್ಸಿಗೆ ಕೈಬೀಸಿ ಕರೆದವನು ಡಿಕ್ಸನ್. ಲಿಯೊನೆಲ್ ಇಳಿದ, ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ. ಅಂಬುಜಮ್ಮ ಅವನ ಇನ್ನೊಂದು ಕೈಗೆ ರೊಟ್ಟಿ ಕೊಟ್ಟು, "ಹೋಗ್ಬನ್ನಿ," ಎಂದು ಇಳಿದರು. ಮುನಿಸ್ವಾಮಿ ಹೊರಗಿನ ಹೆದ್ದಾರಿ ಹಿಡಿದ. ರಸ್ತೆ ಖಾಲಿ ಇತ್ತು, ಅಲ್ ಮೀನಾದ ಗೇಟಿಗೆ ಸರಿಯಾದ ಹೊತ್ತಿಗೆ ಮುಟ್ಟಿದರು. ಯಾರ ಹಾಜರಿಯೂ ಕೆಂಪಾಗಲಿಲ್ಲ.

ಸಂಜೆ ಚುನಾವಣೆ ಇತ್ತಲ್ಲ, ಡಿಕ್ಸನ್ ಕೇಳಿದ್ದು. ಘಂಟೂತು ದಾಟಿತು. ಜೂಡಿತ್ ಬಾಯಿ ಎದ್ದು, ಅಭ್ಯರ್ಥಿಗಳು ಯಾರು ಎಂದರು. ಕೊನೆಯ ಸೀಟಿನಿಂದ ಗೊರಕೆ ಕೇಳಿಬಂತು. ಬೆಳಗಿನ ಓಟದಲ್ಲಿ ಕೆಟ್ಟ ನಿದ್ದೆಯ ಬಾಕಿಯನ್ನು ಲಿಯೊನೆಲ್ ಬಡ್ಡಿಸಮೇತ ತೀರಿಸುತ್ತಿದ್ದ. ಮೊದಲು ಎದ್ದ ಕೈ ಡಿಕ್ಸನ್‌ನದು.

"ಮಲಗಿದವರೇ ಇರ್ಲಿ," ಎಂದ. "ಎಬ್ಬಿಸ್ಬೇಡಿ ಮಾರಾಯ್ರೆ."

ಎಲ್ಲ ಕೈಗಳೂ ಎದ್ದವು. ಮುನಿಸ್ವಾಮಿ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದ.

ಅದರ ಮರುದಿನ ಬೆಳಿಗ್ಗೆ, ಕರಾಮದ ರೂಮಿನಲ್ಲಿ, ಅಲಾರಾಂ ಬಾಯಿ ತೆರೆಯುವ ಮೊದಲೇ ಫೋನು ಹೊಡೆದುಕೊಂಡಿತು. ಲಿಯೊನೆಲ್ ಕಣ್ಣು ಮುಚ್ಚಿಕೊಂಡೇ ಕಿವಿಗಿಟ್ಟ.

"ಎದ್ರೇನಪ್ಪ? ನಾನು ಅಂಬುಜಮ್ಮ. ನಂಬರ್ ಬಿಂದು ಕೊಟ್ಲು. ಹೇಗೂ ನಾನು ಎದ್ದಿರ್ತೀನಿ, ಇನ್ಮೇಲೆ ದಿನಾ ನಾನೇ ಎಬ್ಬಿಸ್ತೀನಿ. ಮತ್ತೆ ಮಲಗ್ಬೇಡಿ, ಕಾವಲಿ ಇಟ್ಟಾಗಿದೆ."

ಆ ದನಿಯ ಹಿಂದೆ ಚುಂಯ್ ಎಂದು ಎಣ್ಣೆ ಕಾಯುವ ಸದ್ದು. ಲಿಯೊನೆಲ್ ಎದ್ದು ಕೂತ. ಈ ಊರಿಗೆ ಬಂದ ಮೇಲೆ ಅವನನ್ನು ಹೀಗೆ ಎದ್ದೆಯಾ ಎಂದು ಕೇಳಿ ಎಬ್ಬಿಸಿದವರು ಯಾರೂ ಇರಲಿಲ್ಲ.

"ಎದ್ದೆ ಅಮ್ಮ," ಎಂದ.

ಪಕ್ಕದ ಮಂಚದಿಂದ ಡಿಕ್ಸನ್ ಹೊದಿಕೆ ಸರಿಸಿ ಕೇಳಿದ. "ಯಾರು ಮಾರಾಯ, ಇಷ್ಟು ಬೇಗ?"

"ಮೇಲಿನ ಕೋರ್ಟು," ಎಂದು ಲಿಯೊನೆಲ್ ದೀಪ ಹಾಕಿದ. "ನೀನೂ ಏಳು."